ಅಪ್‌ಡೇಟ್: ದಾನಿಗಳಿಗೆ ಕಳಿಸುವ ವಿಡಿಯೋ ಹೇಗಿರಬೇಕು ಅಂತ ಕೇಳಿದ್ದೆ

ಮುಂಬೈನ ಭಾಂಡುಪ್‌ನಲ್ಲಿ ನಾವು ನಡೆಸುವ ರಾತ್ರಿ ತರಗತಿಗೆ ಹಣ ಕೂಡಿಸಲು ವಿಡಿಯೋದಲ್ಲಿ ಏನು ತೋರಿಸಲಿ ಅಂತ ಕೇಳಿದ್ದೆ. ‘ಟ್ರಸ್ಟಿಗಳ ಭಾಷಣ ಬೇಡ, ಒಬ್ಬರ ಕಥೆ ಸಾಕು’ ಅಂದಿರಿ. ಹಾಗೇ ಮಾಡಿದೆವು.

ಹೋಟೆಲ್ ಕೆಲಸ ಮುಗಿಸಿ ಹತ್ತನೇ ಕ್ಲಾಸಿಗೆ ಓದುತ್ತಿರುವ ಯುವಕನೊಬ್ಬ ಮಾತಾಡಿದ. ನಾವು ಪ್ರಶ್ನೆ ಕೇಳಿ ಸುಮ್ನೆ ಕೂತೆವು. ‘ಈಗ ಗಲ್ಲಾದಲ್ಲಿ ಬಿಲ್ ನಾನೇ ನೋಡ್ತೀನಿ’ ಅಂದಾಗ ಅವನ ಮುಖ ನೋಡಬೇಕಿತ್ತು! ಅಳಿಸುವ ಸಂಗೀತ ಹಾಕಲಿಲ್ಲ. ಅವನು ದುಡಿದು ಓದುವವನು, ಅಯ್ಯೋ ಪಾಪ ಅನ್ನಿಸುವಂತೆ ತೋರಿಸುವುದು ತಪ್ಪು. ಎಡಿಟ್ ಆದ ಮೇಲೆ ಮೊದಲು ಅವನಿಗೇ ತೋರಿಸಿ ಒಪ್ಪಿಗೆ ಬರೆಸಿಕೊಂಡೆವು. ಊರಿನ ಹೆಸರು ಬೇಡ ಅಂದ, ತೆಗೆದೆವು.

ಲೋಕಲ್ ಟ್ರೇನಿನಲ್ಲಿ ಎಷ್ಟೋ ಜನ ಸೌಂಡ್ ಇಲ್ಲದೆ ನೋಡುತ್ತಾರೆ, ಹಾಗಾಗಿ ಕನ್ನಡ, ಮರಾಠಿ ಸಬ್‌ಟೈಟಲ್ ಇದೆ. ನೋಡುವ ಫೋನಿನಲ್ಲೇ ಕ್ಯೂಆರ್ ಸ್ಕ್ಯಾನ್ ಮಾಡುವುದು ಕಷ್ಟ ಅಲ್ವಾ? ಅದಕ್ಕೆ ಯುಪಿಐ ಐಡಿಯನ್ನು ವಾಟ್ಸ್‌ಆ್ಯಪ್ ಮೆಸೇಜಿನಲ್ಲೇ ಬರೆದೆವು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನೂ ತಿಳಿಸಿದೆವು.

ಹಳೆಯ ದಾನಿಗಳು ಹಣದ ಜೊತೆ ‘ಆ ಹುಡುಗ ಪಾಸಾದರೆ ಹೇಳಿ’ ಅಂತ ಬರೆದಿದ್ದಾರೆ. ಹಣ ಎಲ್ಲಿ ಖರ್ಚಾಯಿತು ಅಂತ ತೋರಿಸುವ ಮುಂದಿನ ವಿಡಿಯೋ ರಿಸಲ್ಟ್ ಬಂದ ಮೇಲೆ ಕಳಿಸುತ್ತೇವೆ.