ಕಾಕಾ ಹಾಕಿದ ಲಾಟರಿ ಮೆಸೇಜ್

ಕಾಕಾ (ಹುಬ್ಬಳ್ಳಿ): "ಕರ್ನಾಟಕದಲ್ಲಿ ಲಾಟರಿ ಮತ್ತೆ ಬರಲಿ. ಕಾರವಾರದಲ್ಲಿ ಕ್ಯಾಸಿನೊ ಆಗಲಿ. ಗೋವಾಕ್ಕೆ ಹೋಗುವ ನಮ್ಮ ದುಡ್ಡು ನಮ್ಮಲ್ಲೇ ಉಳಿಯಲಿ. ಒಪ್ಪಿದರೆ ಹತ್ತು ಗುಂಪಿಗೆ ಕಳಿಸಿ."
ಎಲ್ಲರೂ ಓದಿ. ಇದರಲ್ಲಿ ತಪ್ಪೇನಿದೆ?

ನಾನು (ಗದಗ): ಕಾಕಾ, ನಾನಂತೂ ಕಳಿಸುವುದಿಲ್ಲ. ದಯವಿಟ್ಟು ನೀವೂ ಕಳಿಸಬೇಡಿ. 2007ರಲ್ಲಿ ಲಾಟರಿ ಬಂದ್ ಆಗುವ ಮುಂಚೆ ಬಸ್ ಸ್ಟ್ಯಾಂಡ್ ಸುತ್ತ ಹೇಗಿತ್ತು ಅಂತ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಂದಂಕಿ ಲಾಟರಿ, ಅಂದರೆ ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವ ಲಾಟರಿ, ಕೂಡದು ಅಂತ 1998ರ ಕೇಂದ್ರದ ಕಾಯ್ದೆಯಲ್ಲೇ ಇತ್ತು. ಆದರೂ ಮನೆ ಕಳೆದುಕೊಂಡವರು ಅದನ್ನೇ ಆಡಿದರು.

ತಮ್ಮ (ಧಾರವಾಡ): ಅಕ್ಕಾ, ಬಂದ್ ಮಾಡಿದ್ದಕ್ಕೆ ಓಸಿ, ಅಂದರೆ ಕದ್ದು ನಡೆಸುವ ನಂಬರ್ ಜೂಜು, ನಿಂತಿದೆಯಾ? ಓಸಿ ಬರೆಯುವವರನ್ನು ಹಿಡಿದ ಸುದ್ದಿ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. ಕದ್ದು ಆಡುವುದಕ್ಕಿಂತ ಲೈಸೆನ್ಸ್ ಕೊಟ್ಟು ತೆರಿಗೆ ಹಾಕುವುದು ಒಳ್ಳೆಯದಲ್ವಾ? ಪೂರ್ತಿ ತಡೆಯಲು ಆಗದಿದ್ದರೆ ನಿಯಮ ಹಾಕಿ ನಡೆಸಿ ಅಂತ 2018ರಲ್ಲಿ ಕಾನೂನು ಆಯೋಗವೂ ಹೇಳಿತ್ತು.

ನಾನು: ಹೇಳಿದ್ದು ನಿಜ. ಆದರೆ ಸರ್ಕಾರದ ಸಹಾಯಧನ ಪಡೆಯುವವರು ಆಡಬಾರದು, ಆಧಾರ್, ಪ್ಯಾನ್ ಜೋಡಿಸಬೇಕು ಅಂತಲೂ ಅದೇ ವರದಿಯಲ್ಲಿ ಇದೆ. ಟಿಕೆಟ್ ಮಾರುವವನು ಇದನ್ನೆಲ್ಲ ನೋಡುತ್ತಾನಾ? ಇನ್ನು ಓಸಿ. ಲಾಟರಿ ಇದ್ದಾಗಲೂ ಓಸಿ ಇತ್ತಲ್ಲ. ಓಸಿ ಬರೆಯುವವನು ಹತ್ತು ರೂಪಾಯಿಗೂ ಬರೆದುಕೊಳ್ಳುತ್ತಾನೆ, ಉದ್ರಿಗೂ ಬರೆದುಕೊಳ್ಳುತ್ತಾನೆ, ತೆರಿಗೆಯನ್ನಂತೂ ಕಟ್ಟುವುದಿಲ್ಲ. ಅವನ ಗಿರಾಕಿ ಅಂಗಡಿಗೆ ಯಾಕೆ ಬರುತ್ತಾನೆ? ಇಷ್ಟು ದಿನ ಪೊಲೀಸರಿಗೆ ಹೆದರಿ, ಮನೆಯವರಿಗೆ ಹೆದರಿ ಆಡದೇ ಇದ್ದವರು ಹೊಸದಾಗಿ ಶುರು ಮಾಡುತ್ತಾರೆ.

ಕಾಕಾ: ಕೇರಳ ನೋಡು. 1967ರಿಂದ ಸರ್ಕಾರವೇ ನಡೆಸುತ್ತಿದೆ. ಕಾರುಣ್ಯ ಲಾಟರಿಯ ದುಡ್ಡಿನಲ್ಲಿ ಬಡವರಿಗೆ ಆಪರೇಷನ್ ಮಾಡಿಸಿದ್ದಾರೆ. 2024ರ ಓಣಂ ಬಂಪರ್ 25 ಕೋಟಿ ನಮ್ಮ ರಾಜ್ಯದವರಿಗೇ ಹತ್ತಿತಲ್ಲ!

ನಾನು: ಹತ್ತಿತು, ಟಿವಿಯಲ್ಲಿ ನೋಡಿದೆ. ಅವರಿಗೆ ಒಳ್ಳೆಯದಾಗಲಿ. ಆದರೆ 500 ರೂಪಾಯಿಯ ಆ ಟಿಕೆಟ್ 70 ಲಕ್ಷಕ್ಕಿಂತ ಜಾಸ್ತಿ ಮಾರಾಟವಾಗಿತ್ತು ಕಾಕಾ. 350 ಕೋಟಿ ದಾಟುತ್ತದೆ. ಗೆದ್ದವರ ಮನೆಗೆ ಟಿವಿಯವರು ಹೋದರು, ಸೋತವರ ಮನೆಗೆ ಯಾರು ಹೋಗುತ್ತಾರೆ?
ನಾನು ಸೊಸೈಟಿಯ ಬಂಗಾರ ಸಾಲದ ಕೌಂಟರಿನಲ್ಲಿ ಕೂತು ಅಂಥವರನ್ನೇ ನೋಡುತ್ತೇನೆ. ಬೀಜ ಗೊಬ್ಬರಕ್ಕೆ ಅಂತ ಬರೆಸುತ್ತಾರೆ. ಮೆಣಸಿನಕಾಯಿ ಮಾರಿದ ದುಡ್ಡು ಈಗಷ್ಟೇ ಬಂತಲ್ಲ, ಮತ್ತೆ ಸಾಲ ಯಾಕಮ್ಮಾ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ, ಆಮೇಲೆ ಗಂಡ ಫೋನಿನಲ್ಲಿ ರಮ್ಮಿ ಆಡಿ ಕಳೆದ ಅಂತಲೋ, ಮಗ ಐಪಿಎಲ್‌ಗೆ ಹಾಕಿದ ಅಂತಲೋ ಹೇಳುತ್ತಾರೆ. ತವರಿನವರು ಹಾಕಿದ ಬೋರಮಾಳ ತೂಕಕ್ಕೆ ಇಡುವಾಗ ನನಗೆ ತಲೆ ಎತ್ತಲು ಆಗುವುದಿಲ್ಲ.
ಸರ್ಕಾರಕ್ಕೆ ಬರುವ ಆದಾಯ ಅಂದರೆ ಇದೇ ದುಡ್ಡು. ಹೊಸದಾಗಿ ಎಲ್ಲಿಂದಲೂ ಹುಟ್ಟುವುದಿಲ್ಲ. ಬಜೆಟ್ಟಿನಲ್ಲಿ ಒಮ್ಮೆ ಇಷ್ಟು ಕೋಟಿ ಅಂತ ಬರೆದರೆ ಮುಂದಿನ ವರ್ಷ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಅಂದರೆ ಇನ್ನಷ್ಟು ಜನ ಸೋಲಬೇಕು. ಆಗ ಸರ್ಕಾರ ಯಾರ ಕಡೆ ನಿಲ್ಲುತ್ತದೆ?

ವೈನಿ (ಹಾವೇರಿ): ಲಾಟರಿ ಬೇಡ, ಸರಿ. ಕ್ಯಾಸಿನೊ ಶ್ರೀಮಂತರದ್ದಲ್ವಾ? ನಾಲ್ಕು ಹುಡುಗರಿಗೆ ಕೆಲಸವಾದರೂ ಸಿಗುತ್ತದೆ.

ನಾನು: ವೈನಿ, ಗೋವಾದವರೂ ಹಾಗೆಯೇ ಶುರು ಮಾಡಿದ್ದು. 1992ರಲ್ಲಿ ಫೈವ್ ಸ್ಟಾರ್ ಹೋಟೆಲಿನಲ್ಲಿ ಜೂಜಿನ ಮಷೀನ್‌ಗೆ ಮಾತ್ರ ಬಿಟ್ಟರು. ಆಮೇಲೆ ಹಡಗಿಗೂ ಬಿಟ್ಟರು. ಈಗ ಪಣಜಿಯಲ್ಲಿ ಮಾಂಡೋವಿ ನದಿ ನೋಡಿ, ಕ್ಯಾಸಿನೊ ಹಡಗುಗಳೇ ನಿಂತಿವೆ. ಕೊನೆಗೆ 2020ರಲ್ಲಿ, ಗೋವಾದ ಜನ ಕ್ಯಾಸಿನೊ ಒಳಗೆ ಆಡುವಂತಿಲ್ಲ ಅಂತ ಗೋವಾ ಸರ್ಕಾರವೇ ನಿಯಮ ತಂದಿತು. ತನ್ನ ಮಕ್ಕಳಿಗೆ ಬೇಡ ಅಂದದ್ದು ನಮ್ಮ ಹುಬ್ಬಳ್ಳಿ, ಬೆಳಗಾವಿ ಹುಡುಗರಿಗೆ ಇರಲಿ ಅಂತಲಾ? ಅವರೇನೂ ಶ್ರೀಮಂತರಲ್ಲ, ಸಂಬಳ ಆದ ವಾರ ಗಾಡಿ ಮಾಡಿಕೊಂಡು ಹೋಗುವವರು.

ತಮ್ಮ: ಆನ್‌ಲೈನ್ ಆಟಗಳಿಗೆ 2025ರಲ್ಲಿ ಕೇಂದ್ರವೇ ಕಾಯ್ದೆ ತಂದಿತಲ್ಲ. ಇನ್ನೇನು ಚಿಂತೆ?

ನಾನು: ಅದು ದುಡ್ಡು ಹಾಕಿ ಆಡುವ ಆನ್‌ಲೈನ್ ಆಟ ಬಂದ್ ಮಾಡಲು. ನಮ್ಮ ರಾಜ್ಯ 2021ರಲ್ಲೇ ಕಾಯ್ದೆ ಮಾಡಿತ್ತು, 2022ರಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗ ರದ್ದು ಮಾಡಿತು, ಮತ್ತೆ ನಿಷೇಧ ಬರುವಷ್ಟರಲ್ಲಿ 2025ರ ಆಗಸ್ಟ್ ಆಯ್ತು. ಇಷ್ಟು ಕಷ್ಟಪಟ್ಟು ಫೋನಿನಲ್ಲಿ ಮುಚ್ಚಿದ್ದನ್ನು ಬೀದಿಯಲ್ಲಿ ತೆರೆಯಿರಿ ಅನ್ನುತ್ತಿದೆ ಈ ಮೆಸೇಜ್.

ಕಾಕಾ: ಎಲ್ಲ ಸರಿ ಮಗಳೇ, ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ದುಡ್ಡು ಎಲ್ಲಿಂದ ತರಬೇಕು?

ನಾನು: ಕಟ್ಟುವ ಶಕ್ತಿ ಇದ್ದವರಿಂದ ತರಲಿ. ಕೇರಳದಲ್ಲಿ ದಿನದ ಟಿಕೆಟ್ 50 ರೂಪಾಯಿ. ಇಲ್ಲೂ ಅದೇ ದರ ಅಂದುಕೊಳ್ಳಿ. ಗಂಡ ದಿನಕ್ಕೆ ಒಂದು ಟಿಕೆಟ್ ತೆಗೆದುಕೊಂಡರೆ ತಿಂಗಳಿಗೆ 1500. ಹೆಂಡತಿಗೆ ಗೃಹಲಕ್ಷ್ಮಿ ಅಂತ 2000 ಕೊಟ್ಟು, ಅದೇ ಮನೆಯಿಂದ 1500 ವಾಪಸ್ ಎಳೆದುಕೊಂಡ ಹಾಗಾಯ್ತು.

ಕಾಕಾ: ಕ್ಯಾಸಿನೊ ವಿಷಯ ನಾನಿನ್ನೂ ಒಪ್ಪಲಿಲ್ಲ. ಲಾಟರಿದು ಯೋಚನೆ ಮಾಡುತ್ತೇನೆ. ಸದ್ಯಕ್ಕೆ ಬೇರೆ ಗುಂಪಿಗೆ ಹಾಕುವುದಿಲ್ಲ.

ವೈನಿ: ಈ ಮೆಸೇಜ್ ನಮ್ಮ ಸ್ತ್ರೀಶಕ್ತಿ ಸಂಘದ ಗುಂಪಿಗೂ ಬಂದಿದೆ. ನೀನು ಬರೆದದ್ದನ್ನು ಅಲ್ಲಿ ಹಾಕಲಾ?

ನಾನು: ಹಾಕಿ ವೈನಿ. ಸೊಸೈಟಿ ಕೌಂಟರಿನ ಮಾತು ಮಾತ್ರ ತೆಗೆದುಬಿಡಿ, ಓದಿದವರು ಯಾರಾದರೂ ತಮ್ಮ ಮನೆ ಸುದ್ದಿ ಅಂತ ನೊಂದುಕೊಳ್ಳಬಾರದು.