ಕೂಡಿ ಬರೆಯುವುದೆಂದರೆ ಒಂದೇ ಮಾತಿಗೆ ಒಪ್ಪುವುದೇ?

ಪ್ರಶ್ನೆ:
ಬೆಳಗಾವಿ ಸಮೀಪದ ನಮ್ಮ ಊರಿನಲ್ಲಿ ಕನ್ನಡ ಮತ್ತು ಮರಾಠಿ ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲಿವೆ. ಎರಡರ ಮಕ್ಕಳನ್ನೂ ಕೂಡಿಸಿ ಊರಿನ ಚರಿತ್ರೆಯನ್ನು ಬರೆಸಬೇಕೆಂಬ ಆಸೆ ನನ್ನದು. ಆದರೆ ಒಂದು ಮನೆಯವರು ಏಕೀಕರಣವೆಂದು ಹೆಮ್ಮೆಪಡುವುದನ್ನೇ ಪಕ್ಕದ ಮನೆಯವರು ಅನ್ಯಾಯವೆನ್ನುವುದರಿಂದ, 1956ರ ಪುಟಕ್ಕೆ ಬಂದೊಡನೆ ಬರವಣಿಗೆ ನಿಂತುಹೋದೀತೆಂಬ ಅಳುಕಿದೆ. ಇಂಥ ಪ್ರಯತ್ನ ಬೇರೆಲ್ಲಾದರೂ ನಡೆದಿದೆಯೇ?

ಉತ್ತರ 1:
ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ನಡೆದಿದೆ. ಆ ಎರಡು ದೇಶಗಳ ನಡುವಿನ ಸ್ನೇಹ ಒಪ್ಪಂದವಾದ 1963ರ ಎಲಿಸೆ ಒಪ್ಪಂದದ ನಲವತ್ತನೆಯ ವರ್ಷದಲ್ಲಿ ಎರಡೂ ದೇಶಗಳ ತರುಣರು ಸೇರಿ ಸಮಾನ ಇತಿಹಾಸ ಪಠ್ಯವನ್ನು ಕೇಳಿದರು. 2006ರಲ್ಲಿ ಅದರ ಮೊದಲ ಸಂಪುಟ, ಒಂದೇ ಪಠ್ಯ ಎರಡು ಭಾಷೆಗಳಲ್ಲಿ, ಹೊರಬಂದಿತು.

ಉತ್ತರ 2:
ಆ ಮಾದರಿ ಇಲ್ಲಿಗೆ ಹೊಂದಲಾರದು. ಅವರು ಬರೆಯಲು ಕುಳಿತಾಗ ಗಡಿಯ ಜಗಳ ಮುಗಿದು ದಶಕಗಳಾಗಿದ್ದವು. ಜಗಳ ಇನ್ನೂ ಹಸಿಯಾಗಿರುವಲ್ಲಿ ಇಸ್ರೇಲಿನ ಮನಶ್ಶಾಸ್ತ್ರಜ್ಞ ಡಾನ್ ಬಾರ್-ಓನ್ ಮತ್ತು ಪ್ಯಾಲೆಸ್ತೀನಿನ ಬೆತ್ಲೆಹೆಮ್ ವಿಶ್ವವಿದ್ಯಾಲಯದ ಸಾಮಿ ಅದ್ವಾನ್ ಹಿಡಿದ ದಾರಿಯೇ ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಎರಡನೆಯ ಇಂತಿಫಾದಾದ, ಅಂದರೆ ಇಸ್ರೇಲಿನ ವಿರುದ್ಧದ ಪ್ಯಾಲೆಸ್ತೀನಿಯರ ಬಂಡಾಯದ, ಹಿಂಸೆಯ ನಡುವೆಯೇ ಅವರು ಎರಡೂ ಕಡೆಯ ಶಾಲಾ ಶಿಕ್ಷಕರನ್ನು ಕೂಡಿಸಿ, ಪ್ಯಾಲೆಸ್ತೀನಿನಲ್ಲಿ ಯೆಹೂದಿಗಳ ರಾಷ್ಟ್ರೀಯ ನೆಲೆಗೆ ಬ್ರಿಟನ್ ಬೆಂಬಲ ಸಾರಿದ 1917ರ ಬಾಲ್ಫರ್ ಘೋಷಣೆ, 1948ರ ಯುದ್ಧ ಮೊದಲಾದವುಗಳ ಬಗ್ಗೆ ತಂತಮ್ಮ ಕಥನವನ್ನು ಬರೆಸಿ, ಪರಸ್ಪರ ಓದಿಸಿದರು. ಒಂದೇ ಪುಟದಲ್ಲಿ ಒಂದು ಅಂಚಿಗೆ ಇಸ್ರೇಲಿಗಳ 'ಸ್ವಾತಂತ್ರ್ಯ ಯುದ್ಧ', ಇನ್ನೊಂದು ಅಂಚಿಗೆ ಪ್ಯಾಲೆಸ್ತೀನಿಯರ 'ನಕ್ಬಾ', ಅಂದರೆ ಮಹಾವಿಪತ್ತು. ನಡುವೆ ವಿದ್ಯಾರ್ಥಿ ತಾನೇ ಬರೆಯಲೆಂದು ಬಿಟ್ಟ ಖಾಲಿ ಗೆರೆಗಳು. ಎರಡನ್ನೂ ಬೆರೆಸಿ ಒಂದಾಗಿಸುವ ಗೊಡವೆಗೆ ಅವರು ಹೋಗಲಿಲ್ಲ.

ಉತ್ತರ 3:
ಆ ಪುಸ್ತಕವನ್ನು ಎರಡೂ ಕಡೆಯ ಶಿಕ್ಷಣ ಇಲಾಖೆಗಳು ಪಠ್ಯವಾಗಿ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಅಲ್ಲದೆ ಎರಡು ಅಂಕಣ ಹಾಕಿದೊಡನೆ ಪ್ರತಿ ಮಗುವೂ ಯಾವುದಾದರೊಂದಕ್ಕೆ ಸೇರಲೇಬೇಕಾಗುತ್ತದೆ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಆಡುವ ಹುಡುಗ ಎಲ್ಲಿ ಬರೆಯಬೇಕು?

ಉತ್ತರ 2:
ನ್ಯಾಯವಾದ ಆಕ್ಷೇಪ. ಆ ಹುಡುಗನಿಗೆ ನಡುವಿನ ಖಾಲಿ ಗೆರೆಗಳೇ ಸಾಕಾಗಬಹುದು, ಸಾಲದೆಯೂ ಹೋಗಬಹುದು. 1956ರಿಂದ ತೊಡಗದೆ, ಕೆರೆ, ಜಾತ್ರೆ, ಸಂತೆಗಳಿಂದ ಆರಂಭಿಸಿ. ಅಲ್ಲಿ ಯಾರೂ ಅಂಕಣ ಕೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ಜಾತ್ರೆಯಿಂದಲೇ ಆರಂಭಿಸುತ್ತೇನೆ. 1956ರ ಪುಟದಲ್ಲಿ ಮಾತ್ರ ಮೂರು ಅಂಕಣಗಳಿರಲಿ, ನಡುವಿನದು ಉಳಿದೆರಡಕ್ಕಿಂತ ಅಗಲವಾಗಿರಲಿ.