ಹುಬ್ಬಳ್ಳಿಯಾಗ ಹೆಣ್ಮಕ್ಕಳ ರೋಲರ್ ಡರ್ಬಿ ತಂಡ: 11 ಮಂದಿ ಅದೀವಿ, ಆರು ತಿಂಗಳಿಗೆ ಆಟ ಆಡಬಹುದೇನ್ರಿ?

ವಿದ್ಯಾನಗರ_ಎಂಟುಗಾಲಿ

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ, ಧಾರವಾಡ ಎರಡೂ ಕಡೆಯವರು ಕೂಡಿ 11 ಮಂದಿ ಹೆಣ್ಮಕ್ಕಳು ರೋಲರ್ ಡರ್ಬಿ (ಗಾಲಿ ಸ್ಕೇಟ್ ಹಾಕಿ ಟ್ರ್ಯಾಕ್ ಸುತ್ತುತ್ತ, ಮೈಲೆ ತಡಿಯೋ ಎದುರಾಳಿಗಳನ್ನ ದಾಟಿ ಅಂಕ ಗಳಿಸೋ ಆಟ) ತಂಡ ಕಟ್ಟಬೇಕಂತ ಮಾಡೀವಿ. ವಯಸ್ಸು 19 ರಿಂದ 41. ನಾಲ್ಕು ಮಂದಿಗೆ ಸ್ಕೇಟಿಂಗ್ ಬರತೈತಿ, ಮೂವರು ಕಬಡ್ಡಿ ಆಡಿದವರು, ಉಳಿದವರು ಪೂರಾ ಹೊಸಬರು. ಎಲ್ಲಾರಿಗೂ ನೌಕರಿ ಇಲ್ಲಾ ಮನಿ ಕೆಲಸ ಇರೋದ್ರಿಂದ ವಾರಕ್ಕ ಎರಡು ದಿನ, ಮುಂಜಾನೆ ಎರಡೆರಡು ತಾಸು ಅಷ್ಟ ಸಿಗತೈತಿ.

ಒಂದು ಸಾಲಿಯವರು ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳ ಕೊಡ್ತೀವಿ ಅಂದಾರ. ಮಳಿಗಾಲಕ್ಕ ಒಂದು ಮಂಗಲ ಕಾರ್ಯಾಲಯ ಕೇಳೀವಿ, ಅಲ್ಲಿ ಗ್ರಾನೈಟ್ ನೆಲ. ಎರಡಕ್ಕೂ ಒಂದ ಜೋಡಿ ಗಾಲಿ ನಡೀತಾವೇನು? ಟ್ರ್ಯಾಕ್ ಹೆಂಗ ಹಾಕೋದು? ಆರು ತಿಂಗಳಾಗ ನಮ್ಮ ನಮ್ಮೊಳಗರ ಒಂದು ಪೂರ್ತಿ ಆಟ ಆಡಬಹುದೇನು? ತಿಳಿದವರು ಬಿಡಿಸಿ ಹೇಳ್ರಿ.

ಉಣಕಲ್ಲ_ದಂಡಿ

ಅಕ್ಕಾರ, ಮೊದಲ ಜಾಗಾದ ಲೆಕ್ಕ ಹಾಕ್ರಿ. ಬಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಡರ್ಬಿ ಟ್ರ್ಯಾಕಿನ ಹೊರಗೆರಿ 88 ಅಡಿ ಉದ್ದ, 55 ಅಡಿ ಅಗಲ. ಉದ್ದಕ್ಕ ಸರಿ ಕೂಡತೈತಿ, ಅಗಲಕ್ಕ ಹತ್ತಿರ ಹತ್ತಿರ ಆರಡಿ ಸಾಲಂಗಿಲ್ಲ. ಅದರಾಚೆ ಸುತ್ತಲೂ ಮತ್ತ 10 ಅಡಿ ಬಯಲು ಬೇಕು, ಯಾಕಂದ್ರ ಧಕ್ಕಿ ತಿಂದಾಕಿ ಹೋಗಿ ಬೀಳೋದು ಅಲ್ಲೇ. ಎಲ್ಲಾ ಕೂಡಿ 108 × 75 ಅಡಿ. ಹಿಂಗಾಗಿ ಅಂಗಳದ ಗೆರಿ ಬಿಟ್ಟು ಅಕ್ಕಪಕ್ಕ ಸಿಮೆಂಟ್ ಎಷ್ಟು ದೂರ ಐತಿ ಅಂತ ಟೇಪ್ ಹಿಡಿದು ಅಳೀರಿ. ಬುಟ್ಟಿ ಕಂಬ ಬಯಲಿನೊಳಗ ಬಂದ್ರ ಹಳೇ ಗಾದಿ ಸುತ್ತಿ ಹಗ್ಗಾ ಬಿಗೀರಿ. ಗ್ವಾಡಿ ಇದ್ದ ಕಡೆ 10 ಅಡಿಗಿಂತ ಒಂದು ಗೇಣೂ ಕಡಿಮಿ ಒಪ್ಪಬ್ಯಾಡ್ರಿ. ಜಾಗಾ ಸಾಲದಿದ್ರ ಟ್ರ್ಯಾಕ್ ಸಣ್ಣದು ಮಾಡಿ ಅಭ್ಯಾಸ ಮಾಡ್ರಿ, ಬಯಲು ಮಾತ್ರ ಸಣ್ಣದು ಮಾಡಬ್ಯಾಡ್ರಿ.

ಟ್ರ್ಯಾಕ್ ಹಾಕೋದು ಇಬ್ಬರಿಗೆ ಒಂದು ತಾಸಿನ ಕೆಲಸ. ನಡುವ ಒಂದಕ್ಕೊಂದು 35 ಅಡಿ ದೂರದಾಗ ಎರಡು ಗುರುತು ಮಾಡ್ರಿ. ಒಂದೊಂದು ಗುರುತಿನ ಮ್ಯಾಲ ಒಬ್ಬಾಕಿ ಹಗ್ಗದ ತುದಿ ಒತ್ತಿ ಹಿಡೀಲಿ, ಇನ್ನೊಬ್ಬಾಕಿ 12.5 ಅಡಿ ಹಗ್ಗಾ ಬಿಗಿ ಹಿಡಿದು ಅರ್ಧ ಸುತ್ತು ಹೊಡೀಲಿ. ಎರಡೂ ಅರ್ಧ ಸುತ್ತು ನೇರ ಗೆರಿಯಿಂದ ಕೂಡಿಸಿದ್ರ ಒಳಗೆರಿ ಆತು. ಹೊರಗೆರಿಗೆ ಹಗ್ಗಾ 26.5 ಅಡಿ. ಆದ್ರ ಇಲ್ಲಿ ಒಂದು ಸೂಕ್ಷ್ಮ ಐತಿ: ಗುರುತು ಇದ್ದಲ್ಲೇ ಹಿಡೀಬಾರದು. ಒಂದು ತುದಿಯ ಗುರುತನ್ನ ಅಗಲದ ದಿಕ್ಕಿನ್ಯಾಗ ಒಂದಡಿ ಈ ಕಡೆ, ಇನ್ನೊಂದನ್ನ ಒಂದಡಿ ಆ ಕಡೆ ಸರಿಸಿ ಹೊಡೀಬೇಕು. ಅದಕ್ಕ ನೇರ ಓಟದ ಒಂದು ತುದಿ 13 ಅಡಿ ಅಗಲ, ಇನ್ನೊಂದು ತುದಿ 15 ಅಡಿ ಬರತೈತಿ. ಇದನ್ನ ಬಿಟ್ಟು ಎಲ್ಲಾ ಕಡೆ ಒಂದೇ ಅಗಲ ಹಾಕಿಬಿಡ್ತಾರ, ಆಮ್ಯಾಲೆ ತಿರುವಿನ್ಯಾಗ ಸಾಲು ಕೂಡಿಸೋದು ಕಲಿತದ್ದೆಲ್ಲಾ ಖರೇ ಟ್ರ್ಯಾಕಿನ್ಯಾಗ ತಪ್ಪತೈತಿ.

ಗೆರಿ ಕೆಳಗ ತೆಳ್ಳನ ಹಗ್ಗಾ ಇಟ್ಟು ಮ್ಯಾಲ ಬಣ್ಣದ ಟೇಪ್ ಹಚ್ಚೋದು ಪದ್ಧತಿ. ಕಣ್ಣು ಎದುರಾಳಿ ಮ್ಯಾಲ ಇರಲಿ, ಗೆರಿ ಗಾಲಿಗೆ ತಾನ ಗೊತ್ತಾಗತೈತಿ. ಒಳಗೆರಿಗೆ ಸುಮಾರು 149 ಅಡಿ, ಹೊರಗೆರಿಗೆ 237 ಅಡಿ, ಒಟ್ಟ 118 ಮೀಟರ್ ಹಿಡೀರಿ. 130 ಮೀಟರ್ ತಂದ್ರ ಸಾಕು. ಸುಣ್ಣದ ಪುಡಿ, ರಂಗೋಲಿ ಎರಡೂ ಬ್ಯಾಡ್ರಿ. ಗಾಲಿ ಜಾರತಾವು, ಬೇರಿಂಗಿನೊಳಗ ಹೋಗಿ ಕೂಡತೈತಿ.

ಗಾಲಿ ಮಾತ್ರ ಎರಡು ಜೋಡಿ ಬೇಕು. ಒರಟು ಸಿಮೆಂಟಿಗೆ ಮೆತ್ತನ್ನವು, 78ಎ ದಿಂದ 85ಎ ಒಳಗಿನವು (ಈ ಅಂಕಿ ಹೆಚ್ಚಾದಂಗ ಗಾಲಿ ಗಟ್ಟಿ). ಗ್ರಾನೈಟಿಗೆ 88ಎ ದಿಂದ 92ಎ. ತೂಕ ಕಡಿಮಿ ಇದ್ದಾಕಿ ಇದರೊಳಗ ಮೆತ್ತನ್ನ ಕಡೆ ಹೋಗಲಿ, ತೂಕ ಇದ್ದಾಕಿ ಗಟ್ಟಿ ಕಡೆ. ಗಟ್ಟಿ ಗಾಲಿ ಹಾಕಿ ಒರಟು ಸಿಮೆಂಟಿನ ಮ್ಯಾಲ ಎರಡು ತಾಸು ತಿರುಗಿದ್ರ ಅಂಗಾಲು ಜುಮ್ಮಂತಾವು, ಸಣ್ಣ ಹರಳಿಗೂ ಕಾಲು ನಿಂತುಬಿಡತೈತಿ.

ಕಾರ್ಯಾಲಯ ಹಿಡಿಯೋದು ಛಲೋ ವಿಚಾರ. ಆಷಾಢದಾಗ ಲಗ್ನ ಇರಂಗಿಲ್ಲ, ಮಳಿನೂ ಆವಾಗ. ಧನುರ್ಮಾಸದಾಗೂ ಖಾಲಿ ಇರತಾವು. ಬಾಡಗಿ ಮಾತಾಡೋದು ಆ ಎರಡು ತಿಂಗಳಿಗೆ. ಉಳಿದ ದಿನ ಲಗ್ನದ ಮರುದಿನ ಹಾಲ್ ಸಿಕ್ಕರ ಎರಡು ಸಲ ಕಸಾ ಹೊಡೀರಿ, ಆಮ್ಯಾಲೆ ಬರಿಗಾಲಿಲೆ ಒಂದು ಸುತ್ತು ನಡೆದು ನೋಡ್ರಿ. ಮೂಲ್ಯಾಗ, ಕಂಬದ ಬುಡಕ ಅಕ್ಷತಿ ಕಾಳು ಉಳದಿರತಾವು. ಒಂದು ಅಕ್ಕಿಕಾಳು ಗಾಲಿ ಕೆಳಗ ಸಿಕ್ಕರ ಆ ಕಾಲು ಅಲ್ಲೇ ನಿಲ್ಲತೈತಿ, ಮೈ ಮುಂದ ಹೋಗತೈತಿ.

ಲೈನ್‌ಬಜಾರ_ಕೋಚ್

ಸ್ಕೇಟ್ ಬಗ್ಗೆ ಮೊದಲು. ಡರ್ಬಿಗೆ ನಾಲ್ಕು ಗಾಲಿಯ ಕ್ವಾಡ್ ಮಾತ್ರ, ಒಂದೇ ಸಾಲಿನ ಇನ್‌ಲೈನ್ ನಡೆಯುವುದಿಲ್ಲ. ಚಪ್ಪಲಿಗೆ ಕಟ್ಟುವ, ಉದ್ದ ಹೆಚ್ಚು-ಕಡಿಮೆ ಮಾಡುವ ಮಕ್ಕಳ ಸ್ಕೇಟಿನಲ್ಲಿ ಧಕ್ಕೆ ಕೊಡಲು ಹೋದರೆ ಪ್ಲೇಟ್ (ಗಾಲಿ ಕೂಡಿಸಿದ ತಳ) ಬಾಗುತ್ತದೆ. ಬೂಟಿಗೆ ಪ್ಲೇಟ್ ಬೋಲ್ಟ್ ಮಾಡಿರಬೇಕು, ಮುಂದೆ ನಿಲ್ಲಲು ರಬ್ಬರಿನ ತಡೆ (ಟೋ-ಸ್ಟಾಪ್) ಇರಬೇಕು. ರಕ್ಷಣೆಗೆ ಹೆಲ್ಮೆಟ್, ಮೌತ್‌ಗಾರ್ಡ್, ಮೊಣಕೈ, ಮಣಿಕಟ್ಟು, ಮೊಣಕಾಲು: ಈ ಐದರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಟ್ರ್ಯಾಕಿಗೆ ಇಳಿಸಬೇಡಿ. ಹಣ ಸಾಲದಿದ್ದರೆ ಉಳಿದದ್ದರಲ್ಲಿ ಹೊಂದಿಸಿಕೊಂಡು ಮೊಣಕಾಲಿನ ಪ್ಯಾಡಿಗೆ ಹೆಚ್ಚು ಹಾಕಿ. ವಾಲಿಬಾಲ್ ಆಡುವವರ ಸ್ಪಂಜಿನ ಪ್ಯಾಡ್ ಸಿಮೆಂಟಿಗೆ ಏನೂ ಅಲ್ಲ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ದಪ್ಪ ಫೋಮ್ ಇರುವುದೇ ಬೇಕು. ಹೆಲ್ಮೆಟ್ ಒಳಗೆ ಇಎನ್ 1078 ಅಥವಾ ಎಎಸ್‌ಟಿಎಂ ಎಫ್1492 ಎಂಬ ಗುರುತು ನೋಡಿ. ತುರುಬು ಕಟ್ಟಿದರೆ ಹೆಲ್ಮೆಟ್ ಕೂಡುವುದಿಲ್ಲ, ಕುತ್ತಿಗೆ ಹತ್ತಿರ ಬರುವಂತೆ ಜಡೆ ಹಾಕಿ, ಪಿನ್ನು ಬೇಡ. ಬಳೆ, ಕಾಲುಂಗುರ, ಜುಮುಕಿ ತೆಗೆಯಿರಿ. ತಾಳಿ ತೆಗೆಯಲು ಮನಸ್ಸಿಲ್ಲದವರ ಜೊತೆ ಮೊದಲೇ ಮಾತಾಡಿ, ಸರಕ್ಕೆ ಬೆರಳು ಸಿಕ್ಕರೆ ಕುತ್ತಿಗೆ ಕೊಯ್ಯುತ್ತದೆ ಎಂದು ಬಿಡಿಸಿ ಹೇಳಿ. ಒಂದು ಚೀಲ, ಅದನ್ನು ಕಾಯಲು ಒಬ್ಬರು, ಇಷ್ಟಿದ್ದರೆ ಯಾರೂ ಹಿಂಜರಿಯುವುದಿಲ್ಲ.

ಕಲಿಕೆಯ ಕ್ರಮ. ಮೊದಲ ನಾಲ್ಕು ವಾರ ಬೀಳುವುದು, ನಿಲ್ಲುವುದು, ಇಷ್ಟೇ. ಒಂದು ಮೊಣಕಾಲಿನ ಮೇಲೆ ಇಳಿದು ಮೂರು ಸೆಕೆಂಡಿನಲ್ಲಿ ಏಳಬೇಕು, ನೆಲಕ್ಕೆ ಕೈ ಊರಬಾರದು. ನಂತರ ಎರಡೂ ಮೊಣಕಾಲು. ಬೀಳುವಾಗ ಬೆರಳು ಮುಷ್ಟಿಯೊಳಗೆ ಇರಲಿ, ಹಿಂದೆ ಬರುವವಳ ಗಾಲಿ ಹರಿಯುವುದು ಚಾಚಿದ ಬೆರಳಿನ ಮೇಲೆ. ಹಿಂದಕ್ಕೆ ಬೀಳುತ್ತಿದ್ದೇನೆ ಅನಿಸಿದ ತಕ್ಷಣ ಒಂದು ಪಕ್ಕಕ್ಕೆ ಹೊರಳಿ ಕುಂಡೆಯ ಮೇಲೆ ಇಳಿಯುವುದನ್ನು ಕಲಿಸಿ, ಇಲ್ಲದಿದ್ದರೆ ಬಾಲಮೂಳೆಗೆ ಪೆಟ್ಟು. ನಿಲುವು ಹೇಳಿಕೊಡುವಾಗ ಎಲ್ಲರೂ ಕಸ ಹೊಡೆಯುವವರ ಹಾಗೆ ಸೊಂಟದಿಂದ ಬಾಗುತ್ತಾರೆ. ಬಾಗಬೇಕಾದ್ದು ಮೊಣಕಾಲು, ಎದೆ ಎತ್ತಿರಬೇಕು, ಗಿಡ್ಡ ಮಣೆಯ ಮೇಲೆ ಕೂಡಲು ಹೊರಟು ಅರ್ಧಕ್ಕೆ ನಿಂತ ಹಾಗೆ. ಈ ನಿಲುವಿನಲ್ಲಿ ಎರಡು ನಿಮಿಷ ಇರಲು ಆಗಬೇಕು, ಒಂದು ಜ್ಯಾಮ್, ಅಂದರೆ ಆಟದ ಒಂದು ಸರದಿ, ಗರಿಷ್ಠ ಎರಡು ನಿಮಿಷ ನಡೆಯುತ್ತದೆ.

ಐದರಿಂದ ಹತ್ತನೇ ವಾರ: ಅಡ್ಡಗಾಲು ಹಾಕಿ ತಿರುಗುವುದು, ಮುಖ ಹಿಂದಕ್ಕೆ ಮಾಡಿ ಓಡುವುದು, ಪಕ್ಕಕ್ಕೆ ಜಿಗಿಯುವುದು, ಟೋ-ಸ್ಟಾಪಿನ ಮೇಲೆ ನಾಲ್ಕು ಹೆಜ್ಜೆ. ವೇಗ ಅಳೆಯಲು ಡರ್ಬಿ ಆಟಗಾರ್ತಿಯರ ಹಳೆಯ ಕನಿಷ್ಠ ಕೌಶಲದ ಪಟ್ಟಿಯಲ್ಲಿದ್ದ 5 ನಿಮಿಷಕ್ಕೆ 27 ಸುತ್ತು ಒಳ್ಳೆಯ ಗುರಿ, ಸುತ್ತಿಗೆ ಸುಮಾರು 11 ಸೆಕೆಂಡ್. ಹೊಸಬರಿಗೆ ಹತ್ತನೇ ವಾರಕ್ಕೆ 18-20 ಆದರೂ ಮುಂದಕ್ಕೆ ಹೋಗಬಹುದು.

ಹನ್ನೊಂದನೇ ವಾರದಿಂದ ಧಕ್ಕೆ. ಮೊದಲು ಸ್ಕೇಟ್ ಇಲ್ಲದೆ, ಬೂಟು ಹಾಕಿ. ಕಬಡ್ಡಿಯಿಂದ ಬಂದವರು ಇಲ್ಲಿ ಬಲು ಗಟ್ಟಿ, ಎದುರಿನವಳ ಎದೆ, ಸೊಂಟ ಓದುವುದು ಅವರಿಗೆ ಬರುತ್ತದೆ. ಆದರೆ ಅವರ ಕೈ ತಾನಾಗಿ ಹಿಡಿಯಲು ಹೋಗುತ್ತದೆ. ಡರ್ಬಿಯಲ್ಲಿ ಎದುರಾಳಿಗೆ ಅಂಗೈ, ಮುಂಗೈ, ಮೊಣಕೈ ತಾಗಿಸಿ ಲಾಭ ಪಡೆದರೆ ಪೆನಲ್ಟಿ, 30 ಸೆಕೆಂಡ್ ಹೊರಗೆ. ಏಳು ಪೆನಲ್ಟಿಗೆ ಆಟದಿಂದಲೇ ಹೊರಗೆ. ಕೊಡಬಹುದಾದ್ದು ಭುಜ, ಎದೆ, ಸೊಂಟ, ತೊಡೆಯ ಮೇಲ್ಭಾಗ. ಬೆನ್ನಿಗೆ, ತಲೆಗೆ, ನಡುದೊಡೆಯ ಕೆಳಗೆ ಕೊಡುವಂತಿಲ್ಲ. ಅವರಿಗೆ ಒಂದು ವಾರ ಎರಡೂ ಕೈಯಲ್ಲಿ ಸ್ವಂತ ಬನಿಯನ್ನಿನ ಅಂಚು ಹಿಡಿಸಿ ಆಡಿಸಿ.

ಆರು ತಿಂಗಳ ಪ್ರಶ್ನೆಗೆ ಉತ್ತರ: ನಿಮ್ಮೊಳಗೆ ಆಡಬಹುದು, ಪೂರ್ತಿ ಆಟ ಬೇಡ. ಪೂರ್ತಿ ಆಟ ಎಂದರೆ 30 ನಿಮಿಷದ ಎರಡು ಅವಧಿ, ತಂಡಕ್ಕೆ 15 ಜನರವರೆಗೆ, ಟ್ರ್ಯಾಕಿನಲ್ಲಿ ಒಂದೊಂದು ಕಡೆ ನಾಲ್ಕು ಬ್ಲಾಕರ್ (ತಡೆಯುವವರು), ಒಬ್ಬ ಜಾಮರ್ (ಎದುರಾಳಿಗಳನ್ನು ದಾಟಿ ಅಂಕ ಗಳಿಸುವವಳು). ಜ್ಯಾಮ್‌ಗಳ ನಡುವೆ ಸಿಗುವುದು 30 ಸೆಕೆಂಡ್ ಮಾತ್ರ. 11 ಜನರಲ್ಲಿ ಒಂದು ದಿನಕ್ಕೆ ಇಬ್ಬರು ಬರದೇ ಇರುತ್ತಾರೆ, ಉಳಿದವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಮೂರು ಬ್ಲಾಕರ್, ಒಬ್ಬ ಜಾಮರ್ ಮಾಡಿ 15 ನಿಮಿಷದ ಎರಡು ಅವಧಿ ಆಡಿ. ಆಗ ಕಾಣುವ ಮೊದಲ ತಪ್ಪು ಒಂದೇ: ಎಲ್ಲರೂ ಜಾಮರ್ ಬೆನ್ನು ಹತ್ತುತ್ತಾರೆ. ಬ್ಲಾಕರ್‌ಗಳ ನಡುವೆ 10 ಅಡಿಗಿಂತ ಹೆಚ್ಚು ಅಂತರ ಬಿದ್ದರೆ ಪ್ಯಾಕ್ (ಎರಡೂ ತಂಡದ ಬ್ಲಾಕರ್‌ಗಳ ಗುಂಪು) ಒಡೆಯುತ್ತದೆ. ಪ್ಯಾಕ್ ಇಲ್ಲದಾಗ ಯಾರನ್ನೂ ತಡೆಯುವಂತಿಲ್ಲ. ಓಡಿ ಹಿಡಿಯುವುದಲ್ಲ, ಸೊಂಟಕ್ಕೆ ಸೊಂಟ ಹಚ್ಚಿ ನಿಧಾನ ಮಾಡುವುದು ಆಟ. ಇಬ್ಬರು ಮುಂದಕ್ಕೆ ಮುಖ ಮಾಡಿ, ಮೂರನೆಯವಳು ತಿರುಗಿ ಅವರ ಭುಜಕ್ಕೆ ಕೈ ಕೊಟ್ಟು ಕಂಬದ ಹಾಗೆ ನಿಲ್ಲುವ ಸಾಲನ್ನು ವಾರಕ್ಕೆ ಅರ್ಧ ತಾಸಾದರೂ ಮಾಡಿಸಿ.

ವಿದ್ಯಾನಗರ_ಎಂಟುಗಾಲಿ

ಭಾಳ ಉಪಕಾರ ಆತ್ರಿ ಇಬ್ಬರಿಂದೂ. ಅಂಗಳದ ಆಚೆ ಈಚೆ ಸಿಮೆಂಟ್ ಐತಿ, ನಾಳೆ ಅಳೀತೀವಿ. ಕಾರ್ಯಾಲಯದವರು ಗ್ರಾನೈಟಿಗೆ ಗೀರು ಬೀಳತಾವು, ಟೇಪಿನ ಅಂಟು ಉಳೀತೈತಿ ಅಂತ ತಕರಾರು ತಗದಾರ. ಮತ್ತ ಸಿಮೆಂಟ್ ಅಂಗಳದಾಗ ಕೆಂಪು ಧೂಳು ವಿಪರೀತ. ಸ್ಕೇಟ್ ಇದ್ದ ನಾಲ್ವರದೂ ಗಾಲಿ ಕರ್‌ಕರ್ ಅನ್ನಾಕ ಹತ್ತ್ಯಾವು.

ಗೋಕುಲರೋಡ್_ಬೇರಿಂಗ್

ಗಾಲಿ ಪಾಲಿಯುರೆಥೇನಿಂದು, ಗ್ರಾನೈಟಿಗೆ ಗೀರು ಹಾಕಂಗಿಲ್ಲ. ಗೀರು ಬೀಳೋದು ಗಾಲಿಗೆ ಮೆತ್ತಿದ ಉಸುಕಿನಿಂದ. ಸಿಮೆಂಟಿನ ಗಾಲಿ ಹಾಲಿನೊಳಗ ತರಬ್ಯಾಡ್ರಿ, ಎರಡು ಜೋಡಿ ಇದ್ದದ್ದು ಇಲ್ಲಿ ಉಪಯೋಗಕ್ಕ ಬರತೈತಿ. ಕರೀ ಟೋ-ಸ್ಟಾಪ್ ಕಲೆ ಬಿಡತೈತಿ, ಕಲೆ ಬಿಡದ ತಿಳಿ ಬಣ್ಣದ್ದು ಹಾಕ್ರಿ. ಟೇಪ್ ಅವತ್ತೇ ಕೀಳಬೇಕು. ವಾರಗಟ್ಟಲೆ ಬಿಟ್ಟರ ಅಂಟು ಗಟ್ಟಿ ಆಗತೈತಿ. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಅರಿವಿ ಸಾಕು, ಎಣ್ಣಿ ಹಚ್ಚಿದ್ರ ಕಲ್ಲು ಕುಡೀತೈತಿ.

ಇನ್ನ ಬೇರಿಂಗ್. ಒಂದು ಜೋಡಿ ಸ್ಕೇಟಿಗೆ 8 ಗಾಲಿ, 16 ಬೇರಿಂಗ್. 11 ಮಂದಿಗೆ 176. ಬಹುತೇಕ ಸ್ಕೇಟಿನ್ಯಾಗ ಇರೋದು 608: ಒಳಗ 8, ಹೊರಗ 22, ದಪ್ಪ 7 ಮಿ.ಮೀ. ಆದ್ರ ಕೆಲವು ಪ್ಲೇಟಿನ ಅಚ್ಚು 7 ಮಿ.ಮೀ. ಇರತೈತಿ, ಅದಕ್ಕ 627 ಬೇಕು. ಅಳದು ತಗೋರಿ. ನಮ್ಮ ಧೂಳಿಗೆ 608-ಝಡ್‌ಝಡ್ ಬ್ಯಾಡ್ರಿ, ಅದರ ತಗಡಿನ ಮುಚ್ಚಳ ಹೆಚ್ಚಾಗಿ ಬಿಚ್ಚಾಕ ಬರಂಗಿಲ್ಲ. 608-2ಆರ್‌ಎಸ್ ಕೇಳ್ರಿ, ರಬ್ಬರ್ ಮುಚ್ಚಳದ್ದು.

ಕರ್‌ಕರ್ ಅನ್ನೋ ಬೇರಿಂಗ್ ಒಗೀಬ್ಯಾಡ್ರಿ. ಗುಂಡುಸೂಜಿ ತುದಿ ರಬ್ಬರ್ ಮುಚ್ಚಳದ ಒಳ ಅಂಚಿಗೆ ಹಾಕಿ ಮೆಲ್ಲಕ ಎತ್ತ್ರಿ, ಕುಪ್ಪಸದ ಗುಂಡಿ ಬಿಚ್ಚಿದಂಗ ಹೊರಗ ಬರತೈತಿ. ಒಳಗ ಏಳು ಗುಂಡು, ಅವುಗಳ ನಡುವ ಎಣ್ಣಿ-ಮಣ್ಣು ಕೂಡಿ ಕೆಂಪನ್ನ ಕೆಸರಾಗಿರತೈತಿ. ಮುಚ್ಚಳ ಇದ್ದಂಗ ಮ್ಯಾಲಿಂದ ಎಣ್ಣಿ ಬಿಟ್ಟರ ಈ ಕೆಸರು ಇನ್ನೂ ಒಳಗ ಹೋಗತೈತಿ, ಭಾಳ ಮಂದಿ ಮಾಡೋ ತಪ್ಪು ಇದ. ಸಣ್ಣ ಡಬ್ಬಿಯೊಳಗ ಐಸೊಪ್ರೊಪೈಲ್ ಹಾಕಿ ಐದು ನಿಮಿಷ ಅಲುಗಾಡಿಸ್ರಿ, ದ್ರವ ಮಾಸಿದ್ರ ಬದಲಿಸಿ ಇನ್ನೊಮ್ಮೆ. ಅರಿವಿ ಮ್ಯಾಲ ಪೂರಾ ಒಣಗಲಿ. ಆಮ್ಯಾಲೆ ಹೊಲಿಗಿ ಮಷಿನ್ ಎಣ್ಣಿ ಒಂದು ಹನಿ, ಭಾಳಂದ್ರ ಎರಡು. ಕೊಬ್ಬರಿ ಎಣ್ಣಿ ಚಳಿಗಾಲದಾಗ ಹೆಪ್ಪುಗಟ್ಟತೈತಿ, ಬ್ಯಾಡ. ಬೆರಳಿಲೆ ತಿರುವಿದಾಗ ಶಬ್ದ ಇಲ್ಲದ ತಿರುಗಿದ್ರ ಮುಚ್ಚಳ ಒತ್ತ್ರಿ. ತೊಳೆದ ಮ್ಯಾಲೂ ಅಡ್ಡಡ್ಡ ತಡದ್ರ ಅದರ ಓಟದ ದಾರಿ ತಿಂದೈತಿ, ಅದನ್ನ ಮಾತ್ರ ಬದಲಿಸ್ರಿ.

ಗಾಲಿ ನಟ್ಟಿಗೆ 13ರ ಪಾನಾ. ಗಾಲಿ ನಿಲ್ಲೋತನಕ ಬಿಗಿದು ಕಾಲು ಸುತ್ತು ಹಿಂದಕ್ಕ ಬಿಡ್ರಿ. ಕೈಲೆ ಅಲುಗಿಸಿದ್ರ ಒಂದೀಟ ಆಡಬೇಕು. ನಟ್ಟಿನೊಳಗ ನೈಲಾನ್ ಸವದು ಕೈಲೆ ತಿರುಗಾಕ ಹತ್ತಿದ್ರ ಅವತ್ತೇ ಬದಲಿಸ್ರಿ, ಓಡೂ ಹೊತ್ತಿನ್ಯಾಗ ಗಾಲಿ ಕಳಚತೈತಿ.

ಬೆಟಗೇರಿ_ಫಿಸಿಯೊ

ಮ್ಯಾಲಿನವರು ಬಿಟ್ಟದ್ದಷ್ಟ ಹೇಳ್ತೀನಿ. ಡರ್ಬಿ ಯಾವಾಗಲೂ ಎಡಕ್ಕ ತಿರುಗೋ ಆಟ. ಒಂದೇ ದಿಕ್ಕಿಗೆ ತಿಂಗಳಾನುಗಟ್ಟಲೆ ತಿರುಗಿದ್ರ ಒಂದು ಬದಿಯ ಸೊಂಟ, ಪಿಂಡರಿ ಬಿಗಿಯಾಗತಾವು. ಬಿಸಿ ಮಾಡೋ ಓಟ ಅರ್ಧ ಬಲಕ್ಕ ಓಡಿಸ್ರಿ. ಅಭ್ಯಾಸ ಇಲ್ಲದ ದಿನ ಮನ್ಯಾಗ 15 ನಿಮಿಷ: ಹಿಮ್ಮಡಿ ಎತ್ತೋದು 15ರ ಮೂರು ಸರತಿ, ಒಂಟಿಕಾಲಿನ ಮ್ಯಾಲ ನಿಲ್ಲೋದು 30 ರಿಂದ 45 ಸೆಕೆಂಡ್, ಒಂಟಿಕಾಲಿಲೆ ಕುರ್ಚಿಯಿಂದ ಏಳೋದು 8ರ ಮೂರು ಸರತಿ. ಏಳುವಾಗ ಮೊಣಕಾಲು ಒಳಕ್ಕ ವಾಲಿದ್ರ ಆಕಿಗೆ ಇನ್ನೂ ಜಿಗಿತ ಕೊಡಬ್ಯಾಡ್ರಿ.

ಪಾದ ಹೊರಳಿದಾಗ ನಾಲ್ಕು ಹೆಜ್ಜಿ ಭಾರ ಹಾಕಿ ನಡಿಯಾಕ ಆಗದಿದ್ರ, ಇಲ್ಲಾ ಹರಡಿನ ಎಲುಬು ಒತ್ತಿದ್ರ ನೋವಾದ್ರ, ಎಕ್ಸ್‌ರೇ ತಗಸ್ರಿ. ತಿಕ್ಕೋದು, ನೀವೋದು ಬ್ಯಾಡ. ತಲಿಗೆ ಪೆಟ್ಟು ಬಿದ್ದು ತಲಿ ಸುತ್ತು, ವಾಂತಿ, ಮಂಪರು, ಮಾತಿನ್ಯಾಗ ಗೊಂದಲ, ಯಾವುದ ಒಂದು ಕಂಡ್ರೂ ಆ ದಿನದ ಆಟ ಮುಗೀತು, "ಆರಾಮ ಅದೀನಿ" ಅಂದ್ರೂ ಸೈತ. ವಾಂತಿ ನಿಲ್ಲದಿದ್ರ, ತಲಿನೋವು ಹೆಚ್ಚಾಗಾಕ ಹತ್ತಿದ್ರ, ಎಬ್ಬಿಸಿದ್ರೂ ಏಳದಿದ್ರ ತಡಾ ಮಾಡದ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರಿಗೆ ಕರಕೊಂಡು ಹೋಗ್ರಿ. ಡಾಕ್ಟರ್ ಹೂಂ ಅನ್ನೋತನಕ ಧಕ್ಕೆ ಅಭ್ಯಾಸ ಇಲ್ಲ. ಅವತ್ತಿನ ಹೆಲ್ಮೆಟ್ ಮತ್ತ ಬಳಸಬ್ಯಾಡ್ರಿ, ಮ್ಯಾಲ ಬಿರುಕು ಕಾಣದಿದ್ರೂ ಒಳಗಿನ ಫೋಮ್ ಕುಸಿದಿರಬಹುದು.

ಮಳಿಗಾಲಕ್ಕ ಪ್ಯಾಡ್ ಒಣಗೋದ ದೊಡ್ಡ ಸಮಸ್ಯೆ. ಹಸಿ ಪ್ಯಾಡ್ ಚೀಲದಾಗ ಮುಚ್ಚಿಟ್ಟರ ಮೂರನೇ ದಿನಕ್ಕ ಬೂಷ್ಟು, ಆಮ್ಯಾಲೆ ಮೊಣಕಾಲ ಸಂದಿಗೆ ಗಜಕರ್ಣ. ಮನಿಗೆ ಹೋದ ಕೂಡಲೇ ಫ್ಯಾನಿನ ಕೆಳಗ ಬಿಚ್ಚಿ ಹಾಕ್ರಿ, ಬೂಟಿನೊಳಗ ಹಳೇ ಪೇಪರ್ ತುರುಕ್ರಿ.

ಲೈನ್‌ಬಜಾರ_ಕೋಚ್

ಒಂದು ಸೇರಿಸುವುದಿದೆ. ಆಡುವವರಷ್ಟೇ ತಂಡವಲ್ಲ. ನಿಮ್ಮೊಳಗಿನ ಆಟಕ್ಕೂ ಸ್ಕೇಟ್ ಹಾಕಿದ ಮೂವರು ರೆಫರಿ, ಜ್ಯಾಮ್ ಸಮಯ ನೋಡಲು ಒಬ್ಬರು, ಅಂಕ ಬರೆಯಲು ಇಬ್ಬರು, ಪೆನಲ್ಟಿ ಕುರ್ಚಿಯ ಹತ್ತಿರ ಇಬ್ಬರು ಬೇಕು. ಸ್ಕೇಟ್ ಬರದ ಅಕ್ಕ-ತಂಗಿ, ಗಂಡ, ಅಣ್ಣಂದಿರನ್ನು ಎರಡನೇ ತಿಂಗಳಿಂದಲೇ ಕರೆತಂದು ಸ್ಟಾಪ್‌ವಾಚ್ ಕೈಗೆ ಕೊಡಿ. ಗಾಯವಾಗಿ ಕೂತವರಿಗೂ ಇದೇ ಕೆಲಸ ಕೊಡಿ, ಬರುವುದು ತಪ್ಪುವುದಿಲ್ಲ, ನಿಯಮವೂ ಬಾಯಿಗೆ ಬರುತ್ತದೆ. ಅಂಕ ಬರೆಯುವವರಿಗೆ ಮೊದಲು ಕಲಿಸಬೇಕಾದ್ದು: ಜಾಮರ್ ಮೊದಲ ಸಲ ಪ್ಯಾಕ್ ದಾಟಿದ್ದಕ್ಕೆ ಅಂಕ ಇಲ್ಲ, ಎರಡನೇ ಸಲದಿಂದ ದಾಟಿದ ಒಬ್ಬೊಬ್ಬ ಎದುರಾಳಿ ಬ್ಲಾಕರ್‌ಗೆ ಒಂದೊಂದು, ನಾಲ್ಕು ಬ್ಲಾಕರ್ ಇದ್ದರೆ ಒಂದು ಸುತ್ತಿಗೆ ಹೆಚ್ಚೆಂದರೆ ನಾಲ್ಕು.